ಅಗ್ನಿಪರ್ವತಗಳ ನಾಡೂ ನಮ್ಮ ಕರಿಕಲ್ಲೂ

2024ನೆಯ ಇಸವಿ ನವೆಂಬರ್ ತಿಂಗಳ ಎರಡನೆಯ ವಾರದಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣದಿಂದ ಬಾಲಿ ದ್ವೀಪಕ್ಕೆ ಹೋಗಬೇಕಾಗಿದ್ದ ವಿಮಾನವು ಹೊರಡಲಾರದೆ ಹೋಯಿತು. ಯಂತ್ರದಲ್ಲಿ ದೋಷವಿರಲಿಲ್ಲ, ನಮ್ಮ ಆಕಾಶದ ಮೋಡವೂ ಅದಕ್ಕೆ ಕಾರಣವಲ್ಲ. ಇಲ್ಲಿಗೆ ಮೂರು ಸಾವಿರ ಮೈಲಿಗಳಿಗೂ ಮೀರಿದ ದೂರದಲ್ಲಿ, ಇಂಡೊನೇಷ್ಯಕ್ಕೆ ಸೇರಿದ ಫ್ಲೋರೆಸ್ ಎಂಬ ದ್ವೀಪದಲ್ಲಿ, ಲೆವೊಟೊಬಿ ಎಂಬ ಪರ್ವತವು ಬಾಯ್ದೆರೆದು ಬೂದಿಯನ್ನು ಗಗನಕ್ಕೆ ಉಗುಳುತ್ತಿದ್ದಿತು. ಆ ಬೂದಿಯು ನಮ್ಮ ಒಲೆಯ ಬೂದಿಯಂತೆ ಮೃದುವಾದುದಲ್ಲ. ಗಾಜಿನ ಹುಡಿಯಂತೆ ಹರಿತವಾದ ಕಲ್ಲಿನ ಪುಡಿ. ವಿಮಾನದ ಎಂಜಿನ್ನಿನೊಳಗೆ ಹೊಕ್ಕರೆ ಅದು ಕರಗಿ, ಮೆತ್ತಿಕೊಂಡು, ಯಂತ್ರವನ್ನೇ ನಿಲ್ಲಿಸಿಬಿಡಬಲ್ಲುದು. ವಿಮಾನಗಳು ನಿಂತುವು, ಪತ್ರಿಕೆಗಳಲ್ಲಿ ನಾಲ್ಕು ಪಂಕ್ತಿಗಳ ವರದಿ ಬಂದಿತು, ಮರುವಾರ ಎಲ್ಲರೂ ಅದನ್ನು ಮರೆತರು.

ಇದಕ್ಕೆ ಮೂರು ವರ್ಷ ಹಿಂದೆ, 2021ರ ಡಿಸೆಂಬರ್ ತಿಂಗಳಲ್ಲಿ, ಇನ್ನೆರಡು ಸಂಗತಿಗಳು ನಡೆದುವು. ಆ ತಿಂಗಳ 4ನೆಯ ತಾರೀಖು ಜಾವ ದ್ವೀಪದ ಸೆಮೇರು ಪರ್ವತವು ಸಿಡಿದು ಐವತ್ತಕ್ಕಿಂತ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 22ನೆಯ ತಾರೀಖು ಬೆಳಗ್ಗೆ ನಮ್ಮ ಪಕ್ಕದ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ನೆಲವು ಎರಡು ಸಲ ಕಂಪಿಸಿತು. ಕಂಪನದ ಪ್ರಮಾಣವು ಮೂರರ ಆಸುಪಾಸಿನದು; ಪಾತ್ರೆಗಳು ಅಲುಗಿದುವೇ ಹೊರತು ಹೇಳಿಕೊಳ್ಳುವ ಹಾನಿಯೇನೂ ಆಗಲಿಲ್ಲ. ಆದರೆ ಜನರ ಮನಸ್ಸು ಎರಡನ್ನೂ ಒಂದು ಮಾಡಿತು. ನಂದಿಬೆಟ್ಟವು ಆರಿದ ಜ್ವಾಲಾಮುಖಿಯೆ? ಅದು ಮತ್ತೆ ಹೊತ್ತಿಕೊಳ್ಳುವುದುಂಟೆ? ಹೀಗೆಂದು ವಿದ್ಯಾವಂತರೂ ಕೇಳಿದುದುಂಟು. ಕೇಳಿದವರನ್ನು ನಾವು ಹಳಿಯುವುದಿಲ್ಲ. ಪರದೇಶದ ಪರ್ವತಗಳ ಹೆಸರನ್ನು ಬಾಯಿಪಾಠ ಹೇಳಬಲ್ಲ ನಾವು ನಮ್ಮ ಊರ ಹಿಂದಿನ ಬಂಡೆಯ ಕುಲಗೋತ್ರವನ್ನು ಅರಿಯೆವು. ಅರಿಯದ ಕಡೆ ಭಯವು ಮನೆಮಾಡುವುದು ಸ್ವಾಭಾವಿಕವೇ. ಆದುದರಿಂದ ಆ ದ್ವೀಪರಾಷ್ಟ್ರದ ಬೆಂಕಿಯ ಚರಿತ್ರೆಯನ್ನೂ ನಮ್ಮ ನೆಲದ ಬೆಂಕಿಯ ಚರಿತ್ರೆಯನ್ನೂ ಒಟ್ಟಿಗಿಟ್ಟು ವಾಚಕರ ಮುಂದೆ ವಿಚಾರಿಸಬೇಕೆಂದು ಬಗೆದಿದ್ದೇವೆ.

ಬೂದಿಯ ಹಾದಿ

ಇಂಡೊನೇಷ್ಯವು ನಮಗೆ ಅಪರಿಚಿತ ನಾಡಲ್ಲ. ರಾಮಾಯಣದಲ್ಲಿಯೇ ಯವದ್ವೀಪದ ಹೆಸರು ಬಂದಿರುವುದು. ಅಲ್ಲಿಯ ಉನ್ನತವಾದ ಅಗ್ನಿಪರ್ವತಕ್ಕೆ ಸೆಮೇರುವೆಂದು ಹೆಸರು. ಅದು ನಮ್ಮ ಸುಮೇರುವೇ. ಅದರ ನೆರೆಯ ಬ್ರೊಮೊ ಎಂಬುದು ಬ್ರಹ್ಮನ ಹೆಸರಿನಿಂದ ಬಂದುದು. ಬೊರೊಬುದೂರಿನ ಬೌದ್ಧಸ್ತೂಪವನ್ನೂ ಪ್ರಂಬನಾನಿನ ಶಿವಾಲಯವನ್ನೂ ಕಟ್ಟಿರುವುದು ಅಗ್ನಿಪರ್ವತಗಳು ಉಗುಳಿದ ಶಿಲೆಯಿಂದಲೇ. ನಮ್ಮ ಮೈಸೂರು ಸೀಮೆಯನ್ನು ಮೊದಲು ಮೋಜಣಿ ಮಾಡಿ, ಊರೂರಿನ ಶಾಸನ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿಯೆಂಬ ಆಂಗ್ಲ ಸೇನಾಧಿಕಾರಿಯೇ 1811ರಿಂದ 1813ರವರೆಗೆ ಜಾವದಲ್ಲಿದ್ದು ಪ್ರಂಬನಾನಿನ ಪಾಳುಗುಡಿಗಳನ್ನು ಪರಿಶೀಲಿಸಿದನು. ಇಂದಿಗೂ ಎಚ್ಚತ್ತಿರುವ ಅಗ್ನಿಪರ್ವತಗಳು ಆ ದ್ವೀಪಮಾಲೆಯಲ್ಲಿ ಸುಮಾರು 130 ಇರುವುವು. ಇಷ್ಟನ್ನು ಹೊಂದಿದ ದೇಶಗಳು ಪ್ರಪಂಚದಲ್ಲಿ ವಿರಳ.

ಮೆಕೆಂಜಿಯು ಜಾವವನ್ನು ಬಿಟ್ಟ ಎರಡು ವರ್ಷಗಳಿಗೆ, 1815ರ ಏಪ್ರಿಲ್ 5ರಂದು, ಸುಂಬಾವ ದ್ವೀಪದ ತಂಬೋರ ಪರ್ವತವು ಗರ್ಜಿಸಿತು. ಜಾವದಲ್ಲಿದ್ದ ಸೈನಿಕರು ಅದನ್ನು ಶತ್ರುಗಳ ಫಿರಂಗಿಯ ಸದ್ದೆಂದು ತಿಳಿದು ದಂಡನ್ನು ಹೊರಡಿಸಿದರು. 10ನೆಯ ತಾರೀಖಿನ ಮಹಾಸ್ಫೋಟದಲ್ಲಿ ಪರ್ವತದ ಶಿಖರವೇ ಹಾರಿಹೋಗಿ, ಸುಮಾರು 14,000 ಅಡಿ ಎತ್ತರವಿದ್ದ ಗಿರಿಯು 9,400 ಅಡಿಗೆ ಇಳಿಯಿತು. ಬೆಂಕಿಯಿಂದಲೂ, ಅನಂತರದ ಕ್ಷಾಮ ರೋಗಗಳಿಂದಲೂ ಸತ್ತವರು 70,000ಕ್ಕೆ ಕಡಮೆಯಿಲ್ಲ. ಬೂದಿಯೊಡನೆ ಮೇಲೇರಿದ ಗಂಧಕದ ಅನಿಲವು ಆಕಾಶದ ಮೇಲ್ಪದರದಲ್ಲಿ ತೆಳುವಾದ ಮುಸುಕಾಗಿ ಭೂಮಂಡಲವನ್ನೆಲ್ಲ ಸುತ್ತಿತು. ಮರುವರ್ಷ, ಎಂದರೆ 1816ರಲ್ಲಿ, ಯೂರೋಪ್ ಅಮೆರಿಕಗಳಲ್ಲಿ ಬೇಸಗೆಯೇ ಬರಲಿಲ್ಲ. ಪೈರು ಹಿಮಕ್ಕೆ ಸಿಕ್ಕಿತು. ನಮ್ಮ ದೇಶದಲ್ಲಿಯೂ ಆ ವರ್ಷ ಮಳೆಯ ಕ್ರಮವು ಕೆಟ್ಟುದಕ್ಕೂ, 1817ರಲ್ಲಿ ಬಂಗಾಳದಲ್ಲಿ ಕಾಣಿಸಿಕೊಂಡು ದೇಶದೇಶಗಳಿಗೆ ಹರಡಿದ ವಾಂತಿಭೇದಿಯ ಮಾರಿಗೂ ಆ ಸ್ಫೋಟದೊಡನೆ ಸಂಬಂಧವುಂಟೆಂದು ಕೆಲವು ವಿದ್ವಾಂಸರು ವಾದಿಸುವರು.

ಇನ್ನು 1883ರ ಕ್ರಾಕಟೋವ. ಜಾವ ಸುಮಾತ್ರಗಳ ನಡುವಣ ಜಲಸಂಧಿಯಲ್ಲಿದ್ದ ಆ ದ್ವೀಪವು ಮೇ ತಿಂಗಳಿನಿಂದಲೇ ಹೊಗೆಯಾಡುತ್ತಿದ್ದು, ಆಗಸ್ಟ್ 27ರ ಬೆಳಗ್ಗೆ ನಾಲ್ಕು ಸಲ ಸಿಡಿದು, ತನ್ನ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡು ಕಡಲಿನಲ್ಲಿ ಮುಳುಗಿತು. ಅದರ ಸದ್ದು ಮೂರು ಸಾವಿರ ಮೈಲಿಯಾಚೆಯ ರಾಡ್ರಿಗ್ಸ್ ದ್ವೀಪದಲ್ಲಿ ಕೇಳಿಸಿತು. ನೂರಡಿಗೂ ಎತ್ತರವಾಗಿ ಎದ್ದ ಅಲೆಗಳು ತೀರದ ಊರುಗಳನ್ನು ನುಂಗಿದುವು. ಅಂದಿನ ಸರ್ಕಾರದ ಲೆಕ್ಕದ ಪ್ರಕಾರ ಸತ್ತವರು 36,417 ಮಂದಿ. ಸೆಪ್ಟೆಂಬರ್ ತಿಂಗಳಲ್ಲಿ ಸಿಂಹಳದಲ್ಲಿಯೂ ನಮ್ಮ ದಕ್ಷಿಣ ದೇಶದಲ್ಲಿಯೂ ಉದಯಾಸ್ತಮಯ ಕಾಲಗಳಲ್ಲಿ ಸೂರ್ಯನು ಹಸುರಾಗಿ ಕಾಣಿಸಿದನು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಮಿಚಿ ಸ್ಮಿತ್ ಎಂಬವರು ಆ ಹಸುರು ಬೆಳಕನ್ನು ಯಂತ್ರದಿಂದ ಪರೀಕ್ಷಿಸಿ ಬರೆದಿಟ್ಟರು. ಸಾಮಾನ್ಯರು ಅದನ್ನು ಉತ್ಪಾತವೆಂದು ಬಗೆದಿದ್ದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು ಒಂದು ದ್ವೀಪದ ಚಿತಾಭಸ್ಮವು ನಮ್ಮ ತಲೆಯ ಮೇಲೆ ಹಾದುಹೋದುದರ ಗುರುತು.

ಇವೆಲ್ಲಕ್ಕೂ ಹಿರಿದಾದುದು ಸುಮಾತ್ರದ ಟೋಬ. ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿದ ಕುಳಿಯಲ್ಲಿ ಈಗ ಅರುವತ್ತು ಮೈಲಿ ಉದ್ದದ ಸರೋವರವು ನಿಂತಿರುವುದು. ಅದರ ಬೂದಿಯ ಪದರವನ್ನು ಕರ್ನೂಲಿನ ಕಡೆಯ ಜ್ವಾಲಾಪುರವೆಂಬ ಗ್ರಾಮದಲ್ಲಿ ಅಗೆದು ನೋಡಿದವರಲ್ಲಿ ಧಾರವಾಡದ ಪ್ರಾಕ್ತನಶಾಸ್ತ್ರಜ್ಞರಾದ ರವಿ ಕೋರಿಶೆಟ್ಟರ್ ಅವರೂ ಒಬ್ಬರು. ಬೂದಿಯ ಕೆಳಗೂ ಮೇಲೂ ಮನುಷ್ಯರ ಕಲ್ಲಿನ ಆಯುಧಗಳು ಒಂದೇ ಬಗೆಯಾಗಿ ದೊರೆತುವೆಂದು ಅವರ ತಂಡದವರು 2007ರಲ್ಲಿ ಪ್ರಕಟಪಡಿಸಿದರು. ಆಕಾಶವೇ ಬೂದಿಯಾಗಿ ಬಿದ್ದ ಕಾಲವನ್ನೂ ಈ ನಾಡಿನ ಮನುಷ್ಯನು ದಾಟಿ ಬಂದನೆಂದು ಇದರಿಂದ ಊಹಿಸಬಹುದು.

ಬೆಂಕಿಯ ಮೂಲ

ಆ ದ್ವೀಪಗಳಲ್ಲಿಯೇ ಏಕೆ ಈ ಬೆಂಕಿ? ಭೂಮಿಯ ತೊಗಟೆಯು ಒಂದೇ ಚಿಪ್ಪಲ್ಲ. ಅನೇಕ ಫಲಕಗಳ ಜೋಡಣೆ. ಹಿಂದೂಮಹಾಸಾಗರದ ತಳದ ಫಲಕವು ವರ್ಷಕ್ಕೆ ಎರಡು ಮೂರು ಅಂಗುಲದಂತೆ ಸುಮಾತ್ರ ಜಾವಗಳ ಅಡಿಗೆ ನುಸುಳಿ ಕೆಳಗಿಳಿಯುತ್ತಿರುವುದು. ಕಡಲಿನ ನೀರನ್ನು ಹೀರಿಕೊಂಡ ಆ ಕಲ್ಲು ಬಹು ಆಳಕ್ಕೆ ಹೋದಾಗ ನೀರು ಬಿಡುಗಡೆಯಾಗಿ ಮೇಲಣ ಕಾದ ಶಿಲೆಯೊಳಗೆ ಸೇರುವುದು. ನೀರು ಬೆರೆತ ಕಲ್ಲು ಕಡಮೆ ಕಾವಿನಲ್ಲಿಯೇ ಕರಗುವುದು. ಕರಗಿದುದು ಹಗುರಾಗಿ ಮೇಲೇರುವುದು. ರಸವು ತೆಳುವಾಗಿದ್ದರೆ ಶಾಂತವಾಗಿ ಹರಿದುಹೋಗುತ್ತದೆ. ಗಟ್ಟಿಯಾಗಿದ್ದರೆ ಒಳಗಿನ ಅನಿಲವು ಹೊರಬರಲಾರದೆ ಒಮ್ಮೆಗೇ ಸಿಡಿಯುತ್ತದೆ. ತೆಳ್ಳನೆಯ ಅಂಬಲಿ ಸುಮ್ಮನೆ ಕುದಿಯುವುದನ್ನೂ, ಹಿಟ್ಟು ಹಾಕಿದ ಮುದ್ದೆಯ ಎಸರು ಕೊತಕೊತನೆ ಕುದಿದು ಕೈಗೆ ಸಿಡಿಯುವುದನ್ನೂ ನೋಡಿದ ನಮ್ಮ ಮನೆಯ ಹೆಂಗಸರಿಗೆ ಈ ಭೇದವನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದಲ್ಲಿ ಈ ಬಗೆಯ ಜೀವಂತ ಅಗ್ನಿಪರ್ವತವು ಒಂದೇ ಒಂದು. ಅದು ಅಂಡಮಾನ್ ಸಮುದ್ರದ ನಿರ್ಜನವಾದ ಬ್ಯಾರನ್ ದ್ವೀಪದಲ್ಲಿರುವುದು. ಬಹುಕಾಲ ಮಲಗಿದ್ದು 1991ರಲ್ಲಿ ಮತ್ತೆ ಎಚ್ಚತ್ತಿತು. ಅದೂ ಇದೇ ಸರಪಳಿಯ ಬಡಗಣ ಕೊಂಡಿ.

ಜಾವದವರು ಕಲಿತ ಪಾಠ

ಬೆಂಕಿಯ ಮೇಲೆ ಕುಳಿತ ಜನರು ಅದನ್ನು ಬಿಟ್ಟು ಓಡಿಹೋಗಲಿಲ್ಲ. ಓಡುವುದಾದರೂ ಎಲ್ಲಿಗೆ? ಬೂದಿಯಿಂದ ಫಲವತ್ತಾದ ಆ ನೆಲವೇ ಅವರಿಗೆ ಭತ್ತವನ್ನು ಕೊಡುತ್ತದೆ. ಆದುದರಿಂದ ಅವರು ಬೆಂಕಿಯ ಚರಿತ್ರೆಯನ್ನು ಬರೆದಿಡಲು ಕಲಿತರು. ತಂಬೋರದ ಸ್ಫೋಟವಾದಾಗ ಜಾವದ ಅಧಿಪತಿಯಾಗಿದ್ದ ರಾಫಲ್ಸನು ತನ್ನ ಕೈಕೆಳಗಿನ ಅಧಿಕಾರಿಗಳಿಗೆಲ್ಲ ಕಂಡುದನ್ನೂ ಕೇಳಿದುದನ್ನೂ ಬರೆದು ಕಳುಹಿಸಬೇಕೆಂದು ಆಜ್ಞಾಪಿಸಿದನು. ಕ್ರಾಕಟೋವದ ತರುವಾಯ ಡಚ್ಚರ ಭೂಶಾಸ್ತ್ರಜ್ಞನಾದ ಫರ್ಬೇಕನು ಊರೂರು ಸುತ್ತಿ ಪ್ರತಿಯೊಂದು ಅಲೆಯ ಗಳಿಗೆಯನ್ನೂ ದಾಖಲೆ ಮಾಡಿದನು. ಈ ಕಾಗದಗಳು ಸತ್ತವರನ್ನು ಬದುಕಿಸಲಿಲ್ಲ. ಮುಂದೆ ಹುಟ್ಟುವವರನ್ನು ಬದುಕಿಸುವ ವಿದ್ಯೆಗೆ ಅವೇ ತಳಹದಿಯಾದುವು.

ಇದಕ್ಕೆ ಪೂರ್ವಜಾವದ ಕೆಲೂದ್ ಪರ್ವತದ ಕಥೆಯೇ ಸಾಕ್ಷಿ. ಅದರ ಶಿಖರದ ಕುಂಡದಲ್ಲಿ ಒಂದು ಸರೋವರವಿದ್ದಿತು. 1919ರ ಮೇ ತಿಂಗಳಲ್ಲಿ ಪರ್ವತವು ಸಿಡಿದಾಗ ಆ ನೀರೆಲ್ಲ ಬೂದಿಯೊಡನೆ ಕಲಸಿ, ಕುದಿಯುವ ಕೆಸರಿನ ಪ್ರವಾಹವಾಗಿ ಇಳಿದು, ಸುಮಾರು 5,000 ಜನರನ್ನು ಕೊಚ್ಚಿಕೊಂಡು ಹೋಯಿತು. ಹಿಂದಿನ ಸ್ಫೋಟಗಳ ವೃತ್ತಾಂತವನ್ನು ನೋಡಿದಾಗ ಕೊಂದುದು ಬೆಂಕಿಗಿಂತ ನೀರೇ ಎಂದು ಸ್ಪಷ್ಟವಾಯಿತು. ಮರುವರ್ಷ, 1920ರಲ್ಲಿ, ಅಗ್ನಿಪರ್ವತಗಳನ್ನು ಕಾಯುವ ಪ್ರತ್ಯೇಕವಾದ ಇಲಾಖೆಯೊಂದು ಏರ್ಪಟ್ಟಿತು. ಎಂಜಿನಿಯರುಗಳು ಪರ್ವತದ ಗೋಡೆಯನ್ನು ಕೊರೆದು ಸುರಂಗಗಳನ್ನು ಮಾಡಿ ಸರೋವರದ ನೀರನ್ನು ಬಹುಮಟ್ಟಿಗೆ ಬರಿದುಮಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅಗ್ನಿಪರ್ವತಕ್ಕೆ ತೂಬು ಇಟ್ಟರು! 1951ರಲ್ಲಿ ಪರ್ವತವು ಮತ್ತೆ ಸಿಡಿಯಿತು. ಸತ್ತವರು ಏಳು ಮಂದಿ.

ಕಥೆಯು ಇಲ್ಲಿಗೆ ಮುಗಿದಿದ್ದರೆ ಸುಖವಾಗಿರುತ್ತಿದ್ದಿತು. ಆದರೆ ಆ ಸ್ಫೋಟದಿಂದ ಕುಂಡದ ತಳವು ಆಳವಾಗಿ, ಸುರಂಗಗಳು ನೀರಿನ ಮಟ್ಟಕ್ಕೆ ಎಟುಕದೆ ಹೋದುವು. ಸರೋವರವು ಮತ್ತೆ ತುಂಬಿತು. 1966ರಲ್ಲಿ ಪರ್ವತವು ಸಿಡಿದಾಗ ಇನ್ನೂರಕ್ಕಿಂತ ಹೆಚ್ಚು ಜನರು ಸತ್ತರು. ಅನಂತರ ಇನ್ನೂ ಕೆಳಗೆ ಹೊಸ ಸುರಂಗವನ್ನು ಕೊರೆದರು. 2014ರ ಫೆಬ್ರವರಿಯ ಮಹಾಸ್ಫೋಟಕ್ಕೆ ಮುಂಚೆಯೇ ಕಾವಲಿನವರು ಎಚ್ಚರಿಕೆ ಕೊಟ್ಟರು; ಹತ್ತಾರು ಸಾವಿರ ಜನರು ಊರು ಬಿಟ್ಟು ಹೊರಟರು; ಸತ್ತವರ ಸಂಖ್ಯೆ ಹತ್ತನ್ನೂ ಮುಟ್ಟಲಿಲ್ಲ. ಒಂದೇ ಪರ್ವತ, ಒಂದೇ ಬೆಂಕಿ. ಒಮ್ಮೆ ಐದು ಸಾವಿರ, ಒಮ್ಮೆ ಏಳು, ಒಮ್ಮೆ ಇನ್ನೂರು, ಒಮ್ಮೆ ಹತ್ತಕ್ಕಿಂತ ಕಡಮೆ. ಈ ಅಂತರಕ್ಕೆಲ್ಲ ಪರ್ವತವೊಂದೇ ಕಾರಣವಲ್ಲ. ಮನುಷ್ಯನ ಎಚ್ಚರವೂ ಮರೆವೂ ಅದರಲ್ಲಿ ಸೇರಿರುವುವು.

ಮರೆವಿಗೆ ಇನ್ನೂ ಒಂದು ದೃಷ್ಟಾಂತವುಂಟು. ಮುಳುಗಿದ ಕ್ರಾಕಟೋವದ ಸ್ಥಳದಲ್ಲಿ 1927ರಲ್ಲಿ ಹೊಸ ಪರ್ವತವೊಂದು ಕಡಲಿನಿಂದ ತಲೆಯೆತ್ತಿತು. ಜನರು ಅದನ್ನು ‘ಕ್ರಾಕಟೋವದ ಕೂಸು’ ಎಂದು ಕರೆಯುವರು. 2018ರ ಡಿಸೆಂಬರ್ 22ರ ರಾತ್ರಿ ಆ ಕೂಸಿನ ಒಂದು ಪಕ್ಕವು ಜರಿದು ಕಡಲಿಗೆ ಬಿದ್ದು, ಎದ್ದ ಅಲೆಯು ನಾನೂರಕ್ಕಿಂತ ಹೆಚ್ಚು ಜನರನ್ನು ಕೊಂದಿತು. ಅಲೆಯನ್ನು ಅರಿತು ಎಚ್ಚರಿಸಲೆಂದು ಕಡಲಿನಲ್ಲಿ ತೇಲಿಬಿಟ್ಟಿದ್ದ ಯಂತ್ರಗಳು ಕೆಲವು ವರ್ಷಗಳಿಂದ ಕೆಟ್ಟು ನಿಂತಿದ್ದುವು. ಕಟ್ಟುವುದು ಒಂದು ದಿನದ ಉತ್ಸವ. ಕಾಪಾಡುವುದು ಎಲ್ಲ ದಿನಗಳ ವ್ರತ.

ಎಚ್ಚರಿಕೆಯನ್ನು ಕೊಟ್ಟರೆ ಸಾಲದು, ಕೇಳಿದವರು ನಂಬಬೇಕು. 2010ರಲ್ಲಿ ಮೆರಾಪಿ ಪರ್ವತವು ಸಿಡಿದಾಗ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು. ಆದರೂ ಸುಮಾರು 350 ಮಂದಿ ಸತ್ತರು. ಪರ್ವತದ ಪೂಜೆಗೆ ಅರಮನೆಯಿಂದ ನಿಯಮಿತನಾಗಿದ್ದ ಮರಿಜಾನ್ ಎಂಬ ವೃದ್ಧನು ತನ್ನ ಸ್ಥಳವನ್ನು ಬಿಟ್ಟು ಬರಲು ಒಪ್ಪದೆ ಅಲ್ಲಿಯೇ ಪ್ರಾಣ ಬಿಟ್ಟನು. ಅವನ ನಿಷ್ಠೆಯನ್ನು ನಾವು ಹಾಸ್ಯ ಮಾಡಲಾರೆವು. ಆದರೆ ಅವನನ್ನು ನೋಡಿ ಉಳಿದುಕೊಂಡವರೂ ಇದ್ದರೆಂಬುದನ್ನು ಮರೆಯಲಾಗದು. ಜನರ ಭಕ್ತಿಗೆ ಪಾತ್ರರಾದವರು ಶಾಸ್ತ್ರಜ್ಞರ ಮಾತಿಗೂ ದನಿಗೂಡಿಸಿದರೆ ಎಷ್ಟು ಪ್ರಾಣ ಉಳಿಯುವುದೆಂಬುದನ್ನು ನಮ್ಮ ಮಠಾಧಿಪತಿಗಳೂ ಊರ ಹಿರಿಯರೂ ಆಲೋಚಿಸಬೇಕು.

ಪರಾಧೀನತೆಯ ಕಾಲದಲ್ಲಿ ಡಚ್ಚರು ಸ್ಥಾಪಿಸಿದ ಆ ಇಲಾಖೆಯನ್ನು 1945ರ ಆಗಸ್ಟ್ 17ರಂದು ಸ್ವಾತಂತ್ರ್ಯವನ್ನು ಘೋಷಿಸಿಕೊಂಡ ಪ್ರಜೆಗಳು ತಮ್ಮದಾಗಿ ಮಾಡಿಕೊಂಡರು. 1955ರ ಏಷ್ಯಾ ಆಫ್ರಿಕಾ ಸಮ್ಮೇಳನದಿಂದ ಹೆಸರಾದ ಬಾಂಡುಂಗ್ ನಗರದಲ್ಲಿಯೇ ಅದರ ಕೇಂದ್ರವಿರುವುದು. ತನ್ನ ನೆಲದ ಗುಣದೋಷಗಳನ್ನು ತಾನೇ ಅಳೆದು ತನ್ನ ಭಾಷೆಯಲ್ಲಿ ಪ್ರಜೆಗಳಿಗೆ ತಿಳಿಸುವುದು ಸ್ವರಾಜ್ಯದ ಒಂದು ಮುಖ್ಯ ಅಂಗವೆಂದು ನಾವು ನಂಬಿದ್ದೇವೆ.

ನಮ್ಮ ನೆಲದ ಆರಿದ ಬೆಂಕಿ

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಂದಿಬೆಟ್ಟವು ಜ್ವಾಲಾಮುಖಿಯಲ್ಲ, ಎಂದೂ ಆಗಿರಲಿಲ್ಲ. ದೊಡ್ಡಬಳ್ಳಾಪುರದ ಮಾಕಳಿದುರ್ಗವೂ ನೆಲಮಂಗಲದ ಶಿವಗಂಗೆಯೂ ಜ್ವಾಲಾಮುಖಿಗಳಲ್ಲ. ಇವೆಲ್ಲ ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಲ್ಲಿ, ಮೈಲಿಗಟ್ಟಲೆ ಆಳದಲ್ಲಿ, ಮೇಲೆ ಬರಲಾರದೆ ನಿಂತು ನಿಧಾನವಾಗಿ ಆರಿದ ಶಿಲಾರಸದ ಗಡ್ಡೆಗಳು. ನಿಧಾನವಾಗಿ ಆರಿದುದರಿಂದಲೇ ಆ ಕಲ್ಲಿನಲ್ಲಿ ದಪ್ಪ ಹರಳುಗಳು ಕಣ್ಣಿಗೆ ಕಾಣುವುವು. ಮೇಲಿದ್ದ ಹೊದಿಕೆಯನ್ನು ಮಳೆಗಾಳಿಗಳು ಕೋಟ್ಯಂತರ ವರ್ಷ ಸವೆಸಿದ ಮೇಲೆ ಗಟ್ಟಿಯಾದ ಭಾಗವು ಬೆಟ್ಟವಾಗಿ ಉಳಿಯಿತು. ಇವುಗಳಿಗೂ ಹಿರಿದಾದುದು ಇವುಗಳ ಸುತ್ತಣ ಪಟ್ಟೆಪಟ್ಟೆಯ ಬೂದುಗಲ್ಲು. 1916ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು ಇದಕ್ಕೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಸುಮಾರು 300 ಕೋಟಿ ವರ್ಷ ವಯಸ್ಸಿನ ಆ ಕಲ್ಲೇ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವುದು. ಅದಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಮನ್ನಣೆಯೂ ದೊರೆತಿದೆ. ಇಂತಹ ಪುರಾತನವಾದ ನೆಲದಲ್ಲಿಯೂ ಹಳೆಯ ಬಿರುಕುಗಳ ಬಂಡೆ ಒಮ್ಮೊಮ್ಮೆ ಅಲುಗುವುದುಂಟು. 2021ರಲ್ಲಿ ಕಂಡುದು ಅದೇ. ಅದು ಬೆಂಕಿಯ ಮುನ್ಸೂಚನೆಯಲ್ಲ.

ಹಾಗಾದರೆ ನಮ್ಮ ತಾಲ್ಲೂಕುಗಳ ನೆಲದಲ್ಲಿ ಬೆಂಕಿಯ ಗುರುತೇ ಇಲ್ಲವೆ? ಉಂಟು, ಅದನ್ನು ಎತ್ತರದಲ್ಲಿ ಹುಡುಕಬಾರದು, ಕಾಲ ಕೆಳಗೆ ಹುಡುಕಬೇಕು. ಹೊಲಗಳ ನಡುವೆ, ಬಿಳಿಬಂಡೆಗಳ ಮಧ್ಯೆ, ಕಪ್ಪು ಗುಂಡುಗಳ ಸಾಲೊಂದು ಗೆರೆ ಎಳೆದಂತೆ ನೇರವಾಗಿ ಹೋಗುವುದನ್ನು ಅಲ್ಲಲ್ಲಿ ಕಾಣಬಹುದು. ಕಲ್ಲುಕುಟಿಗರು ಇದನ್ನು ಕರಿಕಲ್ಲು ಎನ್ನುವರು. ವ್ಯಾಪಾರದವರು ‘ಬ್ಲ್ಯಾಕ್ ಗ್ರಾನೈಟ್’ ಎಂದು ಮಾರುವರು. ಶಾಸ್ತ್ರಜ್ಞರು ಡಾಲರೈಟ್ ಎನ್ನುವರು. ಭೂಮಿಯ ತೊಗಟೆಯು ಸೀಳಿದಾಗ ಆಳದಿಂದ ನುಗ್ಗಿ ಬಂದ ಶಿಲಾರಸವು ಆ ಸೀಳಿನಲ್ಲಿಯೇ ಹೆಪ್ಪುಗಟ್ಟಿ ಗೋಡೆಯಂತೆ ನಿಂತುದು ಇದು. ಬೆಂಗಳೂರಿನ ಸುತ್ತಮುತ್ತ ಪೂರ್ವಪಶ್ಚಿಮವಾಗಿ ಹಾಯುವ ಇಂತಹ ಗೋಡೆಗಳ ವಯಸ್ಸನ್ನು ಶಾಸ್ತ್ರಜ್ಞರು ಸುಮಾರು 237 ಕೋಟಿ ವರ್ಷಗಳೆಂದು ಗೊತ್ತುಮಾಡಿರುವರು. ಮೇಲೆ ಉಕ್ಕಿ ಹರಿದ ಭಾಗವೇನಿದ್ದಿತೋ ಅದು ಸವೆದುಹೋಯಿತು. ಬೆಂಕಿಯು ಏರಿ ಬಂದ ಮೆಟ್ಟಿಲು ಮಾತ್ರ ಉಳಿಯಿತು.

ಮೇಲೆ ಹರಿದ ಲಾವಾರಸವನ್ನೇ ನೋಡಬೇಕೆನ್ನುವವರು ಕರ್ನಾಟಕವನ್ನು ಬಿಟ್ಟು ಹೋಗಬೇಕಾಗಿಲ್ಲ. ಚಿತ್ರದುರ್ಗದ ಸೀಮೆಯ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಒಟ್ಟಿದಂತೆ ಕಾಣುವ ಶಿಲೆಗಳಿರುವುವು. ಕಡಲಿನ ತಳದಲ್ಲಿ ಉಕ್ಕಿದ ರಸವು ನೀರಿನ ತಣ್ಪಿಗೆ ಥಟ್ಟನೆ ಹೆಪ್ಪುಗಟ್ಟಿದರೆ ಮಾತ್ರ ಆ ಆಕಾರವು ಬರುವುದು. ಇಂದು ಮಳೆಗೆ ಬಾಯಿಬಿಡುವ ಆ ಸೀಮೆಯು ಒಂದು ಕಾಲಕ್ಕೆ ಸಮುದ್ರವಾಗಿದ್ದಿತು. ಕೋಲಾರದ ಚಿನ್ನವು 2001ರಲ್ಲಿ ಗಣಿ ಮುಚ್ಚುವವರೆಗೂ ದೊರೆತುದು ಸುಮಾರು 270 ಕೋಟಿ ವರ್ಷಗಳ ಹಿಂದಿನ ಲಾವಾಶಿಲೆಯ ಪಟ್ಟಿಯಲ್ಲಿಯೇ. ಮಲ್ಪೆಯ ಕಡಲಿನಲ್ಲಿ ಸ್ಥಳೀಯರು ತೋನ್ಸೆಪಾರ್ ಎನ್ನುವ ಸೈಂಟ್ ಮೇರಿ ದ್ವೀಪಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ನಮ್ಮಿಂದ ಬೇರ್ಪಡುವಾಗ ಉಕ್ಕಿದ ರಸದವು. ಅಲ್ಲಿಯ ಕಂಬಗಳು ಷಟ್ಕೋನವಾಗಿ ಕಡೆದಿಟ್ಟಂತಿರುವುವು. ಬೆಳಗಾವಿ ವಿಜಯಪುರ ಕಲಬುರಗಿ ಬೀದರಗಳ ಕಡೆ 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ಪದರಪದರವಾಗಿ ಹಾಸಿರುವುದು. ಅಲ್ಲಿಯ ಎರೆಮಣ್ಣಿನ ಜೋಳ ಹತ್ತಿಗಳೂ, 1656ರ ಗೋಲಗುಮ್ಮಟದ ಕಲ್ಲೂ ಆ ಬೆಂಕಿಯ ವರಗಳೇ. ಜಾವದ ಬೆಂಕಿ ನಿನ್ನೆಯದು, ನಮ್ಮದು ಯುಗಾಂತರದ್ದು, ಅಷ್ಟೇ ಭೇದ.

ಮಾಡತಕ್ಕದ್ದೇನು?

ಭಯಕ್ಕೆ ಕಾರಣವಿಲ್ಲವೆಂದ ಮೇಲೆ ಈ ವಿಚಾರವೆಲ್ಲ ಏಕೆಂದು ವ್ಯವಹಾರಜ್ಞರು ಕೇಳಬಹುದು. ನಮ್ಮ ಉತ್ತರವು ವ್ಯವಹಾರದ್ದೇ. ಕರಿಕಲ್ಲಿನ ಗೋಡೆಯು ನೆಲದೊಳಗೆ ಹರಿಯುವ ನೀರಿಗೆ ಕಟ್ಟೆಯಂತೆ ಅಡ್ಡ ನಿಲ್ಲುವುದುಂಟು. ಅದರ ಒಂದು ಮಗ್ಗುಲಿನ ಬಾವಿಯಲ್ಲಿ ನೀರು ನಿಂತು, ಮತ್ತೊಂದು ಮಗ್ಗುಲಿನ ಬಾವಿಯು ಒಣಗುವುದಕ್ಕೆ ಅದು ಕಾರಣವಾಗಬಹುದು. ನದಿಯ ಆಸರೆಯಿಲ್ಲದೆ, ಕೊಳವೆಬಾವಿಗಳನ್ನು ಆಳಕ್ಕೆ, ಮತ್ತೂ ಆಳಕ್ಕೆ ಕೊರೆದು ಸಾಲಗಾರರಾಗುತ್ತಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ರೈತರಿಗೆ ಈ ಕಪ್ಪುಗೆರೆಗಳ ನಕ್ಷೆಯು ವಿನೋದದ ವಸ್ತುವಲ್ಲ, ಅನ್ನದ ವಿಷಯ. ಯಾವ ಗ್ರಾಮದ ಚಾವಡಿಯಲ್ಲಿ ಆ ನಕ್ಷೆಯು ಕನ್ನಡದಲ್ಲಿ ತೂಗುತ್ತಿರುವುದು? ಕರಿಕಲ್ಲು ಕಂಡಲ್ಲಿ ಅದನ್ನು ದಿಮ್ಮಿಗಳಾಗಿ ಸೀಳಿ ಸಾಗಿಸುವುದನ್ನೂ, ಬಿಳಿಬಂಡೆಯನ್ನು ಜಲ್ಲಿಯಾಗಿ ಮರಳಾಗಿ ಪುಡಿಮಾಡುವುದನ್ನೂ ಬಲ್ಲೆವು. ಓದುವುದನ್ನು ಮಾತ್ರ ಬಲ್ಲವರು ವಿರಳ.

ಓದಿದವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1894ರಷ್ಟು ಹಿಂದೆಯೇ ಮೈಸೂರು ಸಂಸ್ಥಾನವು ಬ್ರೂಸ್ ಫೂಟರನ್ನು ಕರೆಸಿ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತು. ಬಿ. ರಾಮರಾಯರೂ, 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವಿಜ್ಞಾನ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರಾದ ಬಿ. ಪಿ. ರಾಧಾಕೃಷ್ಣರೂ ಆ ಇಲಾಖೆಯ ಪರಂಪರೆಯಲ್ಲಿ ಬಂದ ಕನ್ನಡಿಗರೇ. ಅದರ ಉತ್ತರಾಧಿಕಾರಿಯಾದ ಗಣಿ ಮತ್ತು ಭೂವಿಜ್ಞಾನ ಇಲಾಖೆಯೇ ಇಂದು ಕಲ್ಲುಗಣಿಗಳಿಗೆ ಗುತ್ತಿಗೆಯನ್ನು ಕೊಡುವುದು. ಕಲ್ಲನ್ನು ಓದುವುದಕ್ಕೆ ಹುಟ್ಟಿದ ಸಂಸ್ಥೆಗೆ ಕಲ್ಲನ್ನು ಅಳೆದು ಸಲ್ಲಿಸುವುದೇ ಮುಖ್ಯ ಕೆಲಸವಾಗಬಾರದು. ಗಣಿಯೇ ಬೇಡವೆಂದು ನಾವು ಹೇಳುವುದಿಲ್ಲ. ಮನೆಗೆ ಕಲ್ಲು ಬೇಕು, ರಸ್ತೆಗೆ ಜಲ್ಲಿ ಬೇಕು, ಕಲ್ಲುಕುಟಿಗನ ಮಕ್ಕಳಿಗೆ ಅನ್ನ ಬೇಕು. ಆದರೆ ಪುಸ್ತಕವನ್ನು ಒಲೆಗೆ ಹಾಕುವ ಮುನ್ನ ಅದರಲ್ಲಿ ಏನಿದೆಯೆಂದು ನೋಡುವ ವಿವೇಕವೂ ಬೇಕು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯು ನಾಲ್ಕೇ ಮಾತಿನದು. ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಕರಿಕಲ್ಲಿನ ಗೆರೆಗಳನ್ನು ಗುರುತಿಸಿದ ನಕ್ಷೆಯನ್ನು ಕನ್ನಡದಲ್ಲಿ ಗ್ರಾಮಪಂಚಾಯತಿಗಳಿಗೆ ಒದಗಿಸತಕ್ಕದ್ದು. ಒಂದೊಂದು ಬಗೆಯ ಶಿಲೆಗೂ ಒಂದೊಂದು ಮಾದರಿಯ ಸ್ಥಳವನ್ನು ಗಣಿಗಾರಿಕೆಯಿಂದ ಹೊರಗಿಟ್ಟು, ಅದರ ಹೆಸರು ವಯಸ್ಸುಗಳ ಫಲಕವನ್ನು ನಿಲ್ಲಿಸತಕ್ಕದ್ದು. ಗಣಿಗೆ ಅನುಮತಿ ಕೊಡುವ ಮುನ್ನ ನೀರಿನ ಹರಿವಿಗೆ ಆಗುವ ಬಾಧೆಯನ್ನು ಸ್ಥಳದಲ್ಲಿಯೇ ಪರಿಶೀಲಿಸತಕ್ಕದ್ದು. ಕಡೆಯದಾಗಿ, ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಒಂದು ಉತ್ಪಾತದ ಪುಸ್ತಕವಿರತಕ್ಕದ್ದು. ನೆಲ ಕಂಪಿಸಿದ ದಿನ, ಕೆರೆ ಕೋಡಿಬಿದ್ದ ದಿನ, ಏರಿ ಒಡೆದ ದಿನ, ಬಾವಿ ಬತ್ತಿದ ಬೇಸಗೆ, ಆಯಾ ವರ್ಷ ಕಂಡವರ ಹೇಳಿಕೆ, ಇವನ್ನೆಲ್ಲ ಅದರಲ್ಲಿ ಬರೆದಿಡಬೇಕು. ರಾಫಲ್ಸನ ಕಾಗದಗಳಿಗೆ ಆ ದ್ವೀಪದಲ್ಲಿ ಬಂದ ಬೆಲೆಯು ನಮ್ಮ ಶಾನುಭೋಗರ ಮಕ್ಕಳ ಬರವಣಿಗೆಗೆ ಇಲ್ಲಿ ಏಕೆ ಬರಬಾರದು? ಜಾವದಲ್ಲಿ ಬೆಂಕಿಯು ಕೊಲ್ಲುವಂತೆ ನಮ್ಮಲ್ಲಿ ನೀರು ಕೊಲ್ಲುವುದು: ಹೆಚ್ಚಾದರೆ ಏರಿ ಒಡೆದು, ಇಲ್ಲವಾದರೆ ಬರವಾಗಿ. ಕೆಲೂದಿನ ತೂಬು ಒಮ್ಮೆ ಕೈಕೊಟ್ಟುದಕ್ಕೆ ಇನ್ನೂರು ಪ್ರಾಣ ಹೋದುವು; ನಮ್ಮ ಕೆರೆಗಳ ಎಷ್ಟು ತೂಬುಗಳು ಹೂಳಿನಲ್ಲಿ ಮುಚ್ಚಿಹೋಗಿರುವುವೆಂದು ಪ್ರತಿಯೊಬ್ಬನೂ ತನ್ನ ಊರ ಏರಿಯ ಮೇಲೆ ನಿಂತು ಎಣಿಸಿಕೊಳ್ಳಲಿ.

ಉಪಾಧ್ಯಾಯರಲ್ಲಿಯೂ ನಮ್ಮದೊಂದು ಬೇಡಿಕೆ. ಮಕ್ಕಳಿಗೆ ವೆಸೂವಿಯಸ್ಸಿನ ಚಿತ್ರವನ್ನು ತೋರಿಸಿದ ದಿನವೇ, ಶಾಲೆಯ ಹಿಂದಣ ಹೊಲಕ್ಕೆ ಕರೆದೊಯ್ದು ಒಂದು ಕರಿಗುಂಡನ್ನು ಮುಟ್ಟಿಸಿರಿ. ಇದು ಬೆಂಕಿಯಾಗಿದ್ದಿತು, ಈಗ ಕಲ್ಲಾಗಿರುವುದು, ಇದರ ಮಗ್ಗುಲಲ್ಲಿ ನೀರಿರಬಹುದು ಎಂದು ಹೇಳಿರಿ. ಆ ಮಕ್ಕಳಲ್ಲಿ ಒಬ್ಬನು ನಾಳೆ ತಹಸೀಲ್ದಾರನಾಗಿ ಬಂದರೆ ಗಣಿಯ ಅರ್ಜಿಗೆ ರುಜು ಹಾಕುವ ಮುನ್ನ ಒಮ್ಮೆ ಹೊಲದ ಕಡೆ ನೋಡುವನು. ಅಷ್ಟಾದರೆ ಸಾಕು; ಈ ಲೇಖನವನ್ನು ಬರೆದುದಕ್ಕೂ ನಮ್ಮ ವಾಚಕರು ಓದಿದುದಕ್ಕೂ ಸಾರ್ಥಕವಾಗುವುದು.